ಹಳೆಯ ಮಸೂರ, ಹೊಸ ಕ್ಯಾಮರಾ

ಛಾಯಾಚಿತ್ರದ ಹವ್ಯಾಸವುಳ್ಳವರಲ್ಲಿ ಕೆಲವು ವರ್ಷಗಳಿಂದ ಒಂದು ವಿಚಿತ್ರ ರೂಢಿ ಬೆಳೆದುಬಂದಿದೆ. ಅಂಗೈಯಲ್ಲಿ ಅಡಗುವಂಥ ಹೊಸ ಡಿಜಿಟಲ್ ಕ್ಯಾಮರಾಕ್ಕೆ ತಾತನ ಕಾಲದ ಮಸೂರವನ್ನು, ಅಂದರೆ ಲೆನ್ಸನ್ನು, ತಿರುಪಿ ಕೂಡಿಸಿ ಚಿತ್ರ ತೆಗೆಯುವುದು! ನೋಡಿದವರು ಹುಚ್ಚು ಎನ್ನಬಹುದು. ನಾನೂ ಆ ಹುಚ್ಚರಲ್ಲೊಬ್ಬ. ಆದರೆ ಈ ಗಾಜಿನ ತುಂಡುಗಳ ಹಿಂದೆ ಜರ್ಮನಿಯ ಒಂದು ಸಣ್ಣ ಊರು ಕಟ್ಟಿ ಬೆಳೆಸಿದ, ಯುದ್ಧದಲ್ಲಿ ಇಬ್ಭಾಗವಾದ ವಿದ್ಯೆಯ ಕಥೆಯಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ಊರು ಯೇನಾ. ಅಲ್ಲಿ ಕಾರ್ಲ್ ಜೈಸನ ಕಾರ್ಖಾನೆಯಿತ್ತು. ಅದಕ್ಕೆ ಲೆಕ್ಕಾಚಾರದ ತಳಹದಿ ಹಾಕಿದವನು ಅರ್ನ್ಸ್ಟ್ ಆಬೆ. ೧೮೮೪ರಲ್ಲಿ ಹೊಸ ಬಗೆಯ ಗಾಜಿನ ಕಾರ್ಖಾನೆಯನ್ನು ತೆರೆದವನು ಆಟ್ಟೊ ಷಾಟ್. ಈ ಗಾಜಿನ ಬಲದಿಂದ ಪಾಲ್ ರುಡಾಲ್ಫ್ ಎಂಬ ವಿಜ್ಞಾನಿ ೧೮೯೬ರಲ್ಲಿ ‘ಪ್ಲಾನಾರ್’ ಎಂಬ ಮಸೂರವನ್ನೂ ೧೯೦೨ರಲ್ಲಿ ‘ಟೆಸ್ಸಾರ್’ ಎಂಬುದನ್ನೂ ರಚಿಸಿದ. ಪ್ಲಾನಾರ್ ಹೆಚ್ಚು ಬೆಳಕಿಗೆ ಬಾಯಿ ತೆರೆಯುವ ಮಸೂರ. ಆದರೂ ದಶಕಗಳ ಕಾಲ ಜಗತ್ತನ್ನು ಆಳಿದ್ದು ಟೆಸ್ಸಾರ್. ಕಾರಣ ಬಹಳ ಸರಳ. ಗಾಜೂ ಗಾಳಿಯೂ ಸಂಧಿಸುವ ಪ್ರತಿಯೊಂದು ಮೈಯಲ್ಲಿಯೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಪ್ಲಾನಾರ್‌ನಲ್ಲಿ ಅಂಥ ಮೈಗಳು ಎಂಟು. ಬಂದ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಹಾದಿಯಲ್ಲೇ ಖರ್ಚು! ಹೋದದ್ದು ಹೋಗಲಿ ಎನ್ನುವಂತೆಯೂ ಇಲ್ಲ. ಪುಟಿದ ಬೆಳಕು ಒಳಗೊಳಗೇ ಸುತ್ತಾಡಿ ಚಿತ್ರಕ್ಕೆ ಮಂಜು ಕವಿಸುತ್ತದೆ. ಟೆಸ್ಸಾರ್‌ನಲ್ಲಿ ಮೈಗಳು ಆರೇ ಆದ್ದರಿಂದ ಚಿತ್ರ ತಿಳಿಯಾಗಿರುತ್ತಿತ್ತು.

ಇದಕ್ಕೆ ಪರಿಹಾರದ ಸುಳಿವು ಮೊದಲು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಹಳತಾಗಿ ಮೈ ಮಾಸಿದ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತವೆಂಬುದನ್ನು ೧೮೯೦ರ ದಶಕದಲ್ಲಿ ಡೆನ್ನಿಸ್ ಟೇಲರ್ ಕಂಡುಕೊಂಡ. ಮುಪ್ಪೇ ಗುಣವಾಯಿತು! ಬೇಕೆಂದಾಗ ಅಂಥ ತೆಳುಲೇಪವನ್ನು ಕೊಡುವ ನಂಬಿಕೆಯ ವಿಧಾನವನ್ನು ೧೯೩೫ರಲ್ಲಿ ಸಾಧಿಸಿದವನು ಯೇನಾದ ಅಲೆಕ್ಸಾಂಡರ್ ಸ್ಮಾಕುಲ. ಅಂದಿನಿಂದ ಪ್ಲಾನಾರ್ ಮನೆತನದ ಮಸೂರಗಳಿಗೆ ಒಳ್ಳೆಯ ದಿನಗಳು ಬಂದವು. ವಿಲ್ಲಿ ಮೆರ್ಟೆ ರಚಿಸಿದ ‘ಬಯೊಟಾರ್’ ಅಂಥದೊಂದು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ೧೯೪೫ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಯೇನಾವನ್ನು ಹಿಡಿಯಿತು. ಒಪ್ಪಂದದಂತೆ ಊರನ್ನು ರಷ್ಯನ್ನರಿಗೆ ಬಿಟ್ಟು ಹೊರಡುವಾಗ ಜೈಸ್‌ನ ಎಪ್ಪತ್ತಕ್ಕೂ ಮಿಕ್ಕ ತಜ್ಞರನ್ನು ಪಶ್ಚಿಮಕ್ಕೆ ಕರೆದೊಯ್ದಿತು. ಅವರು ಓಬರ್‌ಕೋಖೆನ್ ಎಂಬಲ್ಲಿ ಮತ್ತೊಂದು ಜೈಸ್ ಸಂಸ್ಥೆಯನ್ನು ಕಟ್ಟಿದರು. ಅನಂತರ ಬಂದ ರಷ್ಯನ್ನರು ಯುದ್ಧಪರಿಹಾರವೆಂದು ಯಂತ್ರಗಳನ್ನೂ ನಕ್ಷೆಗಳನ್ನೂ ಗಾಜನ್ನೂ ಸಾಗಿಸಿದರು; ೧೯೪೬ರ ಅಕ್ಟೋಬರಿನಲ್ಲಿ ಅನೇಕ ತಜ್ಞರನ್ನೂ ಸಂಸಾರಸಮೇತ ರೈಲು ಹತ್ತಿಸಿದರು. ಒಬ್ಬರು ತಲೆಗಳನ್ನು ಒಯ್ದರು, ಮತ್ತೊಬ್ಬರು ಕೈಗಳನ್ನು. ಉಳಿದವರು ಯೇನಾದಲ್ಲಿಯೇ ಬರಿಗೈಯಿಂದ ಕೆಲಸ ಮತ್ತೆ ತೊಡಗಿದರೆಂಬುದನ್ನು ಕ್ಯಾಮರಾ ಪ್ರಿಯರು ಅಷ್ಟಾಗಿ ನೆನೆಯುವುದಿಲ್ಲ. ಮುಂದೆ ಜೈಸ್ ಹೆಸರಿಗಾಗಿ ಎರಡು ಜರ್ಮನಿಗಳೂ ನ್ಯಾಯಾಲಯಗಳಲ್ಲಿ ಬಡಿದಾಡಿದವು. ಪಶ್ಚಿಮ ದೇಶಗಳಿಗೆ ಹೋಗುವ ಯೇನಾ ಮಸೂರಗಳ ಮೇಲೆ ಟೆಸ್ಸಾರ್ ಎಂಬ ಪೂರ್ಣ ನಾಮವೂ ಇಲ್ಲದೆ ಬರಿಯ ‘ಟಿ’ ಎಂಬ ಒಂದಕ್ಷರವನ್ನು ಕೆತ್ತಿ ಕಳುಹಿಸಬೇಕಾಯಿತು.

ರಷ್ಯದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ ಲುಡ್ವಿಗ್ ಬೆರ್ಟೆಲೆಯ ‘ಸೊನ್ನಾರ್’ ಮಸೂರ ‘ಜುಪಿಟರ್’ ಆಯಿತು. ಬಯೊಟಾರ್ ‘ಹೀಲಿಯೋಸ್’ ಆಯಿತು. ಮೊದಮೊದಲು ಜುಪಿಟರ್‌ಗೆ ಬಳಸಿದ್ದು ಯೇನಾದ ಗಾಜನ್ನೇ. ಅದು ತೀರಿದ ಬಳಿಕ ರಷ್ಯದ ಗಾಜಿಗೆ ಹೊಂದುವಂತೆ ಬಾಗುಗಳನ್ನು ಮತ್ತೆ ಲೆಕ್ಕಹಾಕಬೇಕಾಯಿತು. ಹೀಲಿಯೋಸನ್ನು ಹೊತ್ತ ಜೆನಿತ್ ಕ್ಯಾಮರಾಗಳು ನಮ್ಮ ದೇಶಕ್ಕೂ ಬಂದವು. ಬ್ಯಾಂಕಿನವನಾದ ನನಗೆ ಇಲ್ಲೊಂದು ಕುತೂಹಲ: ೧೯೫೩ರ ಡಿಸೆಂಬರಿನ ಭಾರತ-ಸೋವಿಯತ್ ಒಪ್ಪಂದದ ಪ್ರಕಾರ ಈ ವ್ಯಾಪಾರದ ಪಾವತಿ ರೂಪಾಯಿಯಲ್ಲಿ ನಡೆಯುತ್ತಿತ್ತು. ಡಾಲರು ಪೌಂಡುಗಳಿಗೆ ಪರದಾಡುತ್ತಿದ್ದ ದೇಶಕ್ಕೆ ಇದು ಸಣ್ಣ ಅನುಕೂಲವಲ್ಲ. ಇಂದಿಗೂ ಮುಂಬಯಿಯ ಬೋರಾ ಬಜಾರಿನಲ್ಲಿ ಹುಡುಕಿದರೆ ಹೀಲಿಯೋಸ್ ಸಿಕ್ಕೀತು. ಕೆಲವರ ಮನೆಯ ಅಟ್ಟದ ಮೇಲೂ ಇದ್ದೀತು.

ಹಾಗಾದರೆ ಇವು ಇಷ್ಟು ದಿನ ಮೂಲೆಗೆ ಬಿದ್ದುದೇಕೆ? ಪ್ರತಿ ಮಸೂರವೂ ಫಿಲ್ಮಿನಿಂದ ಗೊತ್ತಾದ ದೂರದಲ್ಲಿ ಕುಳಿತಿರಬೇಕು. ೧೯೪೯ರ ‘ಕಾಂಟಾಕ್ಸ್ ಎಸ್’ ಕ್ಯಾಮರಾದಿಂದ ಹೆಸರಾದ ೪೨ ಮಿ.ಮೀ. ತಿರುಪಿನ ಮಸೂರಗಳಿಗೆ ಆ ದೂರ ೪೫.೪೬ ಮಿ.ಮೀ.; ನಡುವೆ ಕನ್ನಡಿಯೊಂದು ಮೇಲಕ್ಕೂ ಕೆಳಕ್ಕೂ ಆಡಲು ಜಾಗ ಬೇಕಷ್ಟೆ. ನಿಕಾನ್ ಕನ್ನಡಿ ಕ್ಯಾಮರಾಗಳಲ್ಲಿ ಈ ದೂರ ೪೬.೫ ಮಿ.ಮೀ. ಮಸೂರ ಒಂದು ಮಿಲಿಮೀಟರು ಮುಂದಕ್ಕಾಯಿತು, ದೂರದ ಬೆಟ್ಟ ಮಸುಕಾಯಿತು. ೨೦೦೮ರಲ್ಲಿ ಪ್ಯಾನಸೋನಿಕ್ ಕಂಪನಿಯ ‘ಜಿ ೧’ ಕನ್ನಡಿಯನ್ನೇ ಕಿತ್ತೊಗೆಯಿತು. ೨೦೧೦ರಲ್ಲಿ ಸೋನಿಯವರ ಪುಟ್ಟ ಕ್ಯಾಮರಾದಲ್ಲಿ ದೂರ ೧೮ ಮಿ.ಮೀ.ಗೆ ಇಳಿಯಿತು. ಉಳಿದ ೨೭.೪೬ ಮಿ.ಮೀ.ಗೆ ಒಂದು ಟೊಳ್ಳು ಕೊಳವೆ ಸಾಕು! ಗಾಜಿಲ್ಲ, ತಂತಿಯಿಲ್ಲ. ಅದರಿಂದಲೇ ಹಳೆಯ ಮಸೂರಗಳಿಗೆ ಪುನರ್ಜನ್ಮ ದೊರೆತದ್ದು.

ಬಳಸುವುದರಲ್ಲಿ ಸುಖವೂ ಇದೆ, ನಷ್ಟವೂ ಇದೆ. ಕ್ಯಾಮರಾ ಮಸೂರವನ್ನು ತಾನಾಗಿ ಹೊಂದಿಸಿಕೊಡದು. ಬಳೆಯನ್ನು ಕೈಯಿಂದಲೇ ತಿರುಗಿಸಬೇಕು. ನಿಧಾನವಾಗುತ್ತದೆ, ಮೊಮ್ಮಕ್ಕಳನ್ನು ಕೂರಿಸಿಕೊಂಡ ಅಜ್ಜಿಗೆ ಅದು ಒಪ್ಪುತ್ತದೆ, ಓಡುವ ಮೊಮ್ಮಗನಿಗೆ ಒಪ್ಪದು. ಹೀಲಿಯೋಸ್ ಹಿನ್ನೆಲೆಯ ಎಲೆಗಳನ್ನು ಸುಳಿಯಂತೆ ತಿರುಗಿಸಿ ತೋರಿಸುತ್ತದೆ. ಶಾಸ್ತ್ರದ ದೃಷ್ಟಿಯಲ್ಲಿ ಅದು ದೋಷ. ಜನ ಹಣ ತೆತ್ತು ಕೊಳ್ಳುವುದು ಆ ದೋಷವನ್ನೇ. ಆದರೆ ಸಣ್ಣ ಕ್ಯಾಮರಾದ ಸಂವೇದಕ ಫಿಲ್ಮಿಗಿಂತ ಕಿರಿದಾದುದರಿಂದ ಅಂಚು ಕತ್ತರಿಸಿಹೋಗಿ, ೫೮ ಮಿ.ಮೀ. ಮಸೂರ ೮೭ರಂತೆ ಕಾಣುತ್ತದೆ. ಸುಳಿಯ ಬಹುಪಾಲು ಅಂಚಿನಲ್ಲಿಯೇ ಕಳೆದುಹೋಗುತ್ತದೆ. ಮಾರುವವರು ಇದನ್ನು ಹೇಳುವುದಿಲ್ಲ. ಕೊಳ್ಳುವ ಮುನ್ನ ಮಸೂರವನ್ನು ದೀಪಕ್ಕೆ ಹಿಡಿದು ನೋಡಬೇಕು. ಟೇಲರನು ಕಂಡ ಮಾಸಲು ಮೈ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಎಳೆಗಳು ಹಬ್ಬಿದ್ದರೆ ಅದು ಮುಂಬಯಿಯ ಮಳೆಗಾಲದ ಬೂಷ್ಟು, ಎಷ್ಟೇ ಅಗ್ಗವಾದರೂ ಅಲ್ಲಿಯೇ ಬಿಟ್ಟುಬರುವುದು ಲೇಸು.