ಎರಡನೇ ಮೆಟ್ಟಿಲಿನ ಆಟ: ಡೇವಿಸ್ ಕಪ್, ಭಾರತ ಮತ್ತು ಘಟ್ಟದ ಆಚೆಯ ಬೋಪಣ್ಣ

ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ಕಡಬ ತಾಲೂಕಿನ ಕುಕ್ಕೆಯಿಂದ ಕುಮಾರಪರ್ವತ ಏರಿ ಆಚೆ ಇಳಿದರೆ ಸೋಮವಾರಪೇಟೆ ಸೀಮೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ನಮ್ಮ ಪುತ್ತೂರು, ಸುಳ್ಯದ ಸೀಮೆಯೂ ಕೊಡಗಿನ ಅರಸರ ಆಳ್ವಿಕೆಯಲ್ಲೇ ಇತ್ತು. ಹಾಗಾಗಿ ಕೊಡಗು ನಮಗೆ ದೂರದ ಊರಲ್ಲ, ನೆರೆಮನೆ.

ಆ ಕೊಡಗಿನ ಮಾದಾಪುರದ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್‌ನ ಪುರುಷರ ಡಬಲ್ಸ್ ಗೆದ್ದದ್ದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲು ಅವರು ದೇಶದ ತಂಡಕ್ಕಾಗಿ ಎರಡು ದಶಕ ಆಡಿದ್ದರು. ಆ ಆಟದ ಬಹುಪಾಲು ನಡೆದದ್ದು ವಿಶ್ವದ ಅಗ್ರ ಗುಂಪಿನಲ್ಲಿ ಅಲ್ಲ, ಅದರ ಕೆಳಗಿನ ಮೆಟ್ಟಿಲಿನಲ್ಲಿ. ನಾವು ಇಲ್ಲಿ ಹೇಳಹೊರಟಿರುವುದು ಆ ಕೆಳಗಿನ ಮೆಟ್ಟಿಲಿನ ಚರಿತ್ರೆ.

ಕಂಬಳದಲ್ಲಿ ಕಿರಿಯ, ಹಿರಿಯ ಇದ್ದ ಹಾಗೆ

ಟೆನಿಸ್ ಸಾಮಾನ್ಯವಾಗಿ ಒಬ್ಬೊಬ್ಬರೇ ಆಡುವ ಆಟ. ಡೇವಿಸ್ ಕಪ್ ಮಾತ್ರ ದೇಶ-ದೇಶಗಳ ನಡುವಿನ ಪುರುಷರ ಸ್ಪರ್ಧೆ. ಶುರುವಾದದ್ದು 1900ರಲ್ಲಿ, ಅಮೆರಿಕ ಮತ್ತು ಬ್ರಿಟನ್ ನಡುವೆ. ಭಾರತ ಮೊದಲು ಆಡಿದ್ದು 1921ರಲ್ಲಿ.

ಒಂದು ಮುಖಾಮುಖಿಯಲ್ಲಿ ಐದು ಪಂದ್ಯ: ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೂರು ಗೆದ್ದ ದೇಶಕ್ಕೆ ಜಯ. ಮೊದಲು ಇದು ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ನಡೆಯುತ್ತಿತ್ತು. ಒಂದೊಂದು ಪಂದ್ಯ ಐದು ಸೆಟ್‌ವರೆಗೂ ಎಳೆಯುತ್ತಿತ್ತು.

ಪುತ್ತೂರಿನ ಕೋಟಿ-ಚೆನ್ನಯ ಕಂಬಳ ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾದೀತು. ಅಲ್ಲಿ ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ ಎಂದು ವಿಭಾಗಗಳಿವೆಯಲ್ಲ? ಡೇವಿಸ್ ಕಪ್‌ನಲ್ಲೂ 1981ರಿಂದ ಹಾಗೆಯೇ ಆಯಿತು. ಮೇಲಿನ 16 ದೇಶಗಳದ್ದು ವಿಶ್ವ ಗುಂಪು. ಕಪ್ ಗೆಲ್ಲುವ ಅವಕಾಶ ಇವರಿಗೆ ಮಾತ್ರ. ಅದರ ಕೆಳಗೆ ಖಂಡವಾರು ಗುಂಪುಗಳು. ಭಾರತದ ಪಾಲಿಗೆ ಆ ಎರಡನೇ ಮೆಟ್ಟಿಲು ಏಷ್ಯಾ-ಓಷಿಯಾನಿಯಾ ಗುಂಪು 1.

ಮೇಲಿನ ಗುಂಪಿನಲ್ಲಿ ಮೊದಲ ಸುತ್ತು ಸೋತವರು, ಕೆಳಗಿನ ಗುಂಪಿನಲ್ಲಿ ಗೆದ್ದು ಬಂದವರು ಸೆಪ್ಟೆಂಬರ್‌ನಲ್ಲಿ ಎದುರಾಗುತ್ತಿದ್ದರು. ಅದಕ್ಕೆ ಪ್ಲೇ-ಆಫ್ ಎಂದು ಹೆಸರು. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ಕಪ್ ಇಲ್ಲ, ಪದಕ ಇಲ್ಲ. ಸಿಗುವುದು ಮುಂದಿನ ವರ್ಷ ಎಲ್ಲಿ ಆಡಬೇಕು ಎಂಬ ಉತ್ತರ ಮಾತ್ರ.

ಮೇಲಿದ್ದ ಕಾಲ

ಭಾರತ ಯಾವಾಗಲೂ ಕೆಳಗಿರಲಿಲ್ಲ. 1966, 1974 ಮತ್ತು 1987ರಲ್ಲಿ ಮೂರು ಸಲ ಫೈನಲ್ ತಲುಪಿತ್ತು. ಇದರಲ್ಲಿ 1974ರದ್ದು ಬೇರೆಯೇ ಕಥೆ. ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿ ಆಗ ಬಿಳಿಯರ ಸರ್ಕಾರ, ಕರಿಯರನ್ನು ಬೇರೆ ಇಡುವ ಕಾನೂನು. ಭಾರತ ಆಡಲು ಒಪ್ಪಲಿಲ್ಲ. ಆಡದೆಯೇ ದಕ್ಷಿಣ ಆಫ್ರಿಕಾಕ್ಕೆ ಕಪ್ ಹೋಯಿತು. ಕಪ್ಪಿಗಿಂತ ನ್ಯಾಯ ದೊಡ್ಡದು ಎಂದು ನಮ್ಮ ದೇಶ ಆ ದಿನ ತೀರ್ಮಾನಿಸಿತ್ತು.

1993ರಲ್ಲಿ ಲಿಯಾಂಡರ್ ಪೇಸ್, ರಮೇಶ್ ಕೃಷ್ಣನ್ ಇದ್ದ ತಂಡ ಫ್ರಾನ್ಸ್‌ಗೇ ಹೋಗಿ ಫ್ರಾನ್ಸನ್ನು ಸೋಲಿಸಿ ಸೆಮಿಫೈನಲ್ ಸೇರಿತು. ಆದರೆ 1998ರ ಬಳಿಕ ಜಾರಿದ ತಂಡ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಳಗೇ ಉಳಿಯಿತು.

ಬೋಪಣ್ಣ ತಂಡಕ್ಕೆ ಬಂದದ್ದು ಆ ಕೆಳಗಿನ ಕಾಲದಲ್ಲಿ, 2002ರಲ್ಲಿ. ಟೆನಿಸ್ ಅಂಗಣಗಳು ಕೈಬೆರಳಲ್ಲಿ ಎಣಿಸುವಷ್ಟಿದ್ದ ಕಾಫಿ ಸೀಮೆಯಿಂದ ಹೊರಟ ಹುಡುಗ. ಸರ್ವ್‌ಗೆ ಬಲ ಬರಲಿ ಎಂದು ಸೌದೆ ಒಡೆದದ್ದನ್ನು, ದಮ್ಮು ಕಟ್ಟಲೆಂದು ಕಾಫಿ ತೋಟದೊಳಗೆ ಓಡಿದ್ದನ್ನು ನಿವೃತ್ತಿ ಹೇಳುವಾಗ ಅವರೇ ನೆನಪಿಸಿಕೊಂಡಿದ್ದಾರೆ. ಸೌದೆ ಒಡೆಯುವುದು ನಮ್ಮಲ್ಲಿ ಯಾರಿಗೂ ಹೊಸತಲ್ಲ. ಅದು ಟೆನಿಸ್‌ಗೂ ಆಗುತ್ತದೆ ಎಂಬುದು ಹೊಸತು.

2009: ಹತ್ತುವ ವರ್ಷ

2009ರಲ್ಲಿ ಭಾರತ ಗುಂಪು 1ರಲ್ಲಿ ಮೊದಲು ತೈವಾನ್‌ಗೆ ಹೋಗಿ 3-2ರಿಂದ ಗೆದ್ದಿತು. ಮೇ ತಿಂಗಳಲ್ಲಿ ಆಸ್ಟ್ರೇಲಿಯಾ ಚೆನ್ನೈಗೆ ಬರಬೇಕಿತ್ತು. ಮುಂಬೈ ದಾಳಿ ನಡೆದು ಆರು ತಿಂಗಳೂ ಆಗಿರಲಿಲ್ಲ. ಭದ್ರತೆಯ ಕಾರಣ ಹೇಳಿ ಅವರು ಬರಲಿಲ್ಲ. ಜಾಗ ಬದಲಿಸಲು ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಒಪ್ಪಲಿಲ್ಲ. ಭಾರತ ಆಡದೆ ಮುಂದೆ ಹೋಯಿತು.

ಸೆಪ್ಟೆಂಬರ್ ಪ್ಲೇ-ಆಫ್‌ನಲ್ಲಿ ಎದುರಾಳಿ ಯಾರು? ದಕ್ಷಿಣ ಆಫ್ರಿಕಾ. ಜಾಗ ಜೋಹಾನ್ಸ್‌ಬರ್ಗ್. 35 ವರ್ಷಗಳ ಹಿಂದೆ ಯಾವ ದೇಶದ ಜೊತೆ ಆಡಲಾರೆ ಎಂದು ಭಾರತ ಕಪ್ ಬಿಟ್ಟಿತ್ತೋ, ಅದೇ ದೇಶದ ನೆಲದಲ್ಲಿ ಈಗ ಆಟ. ಆ ಹಳೆಯ ಕಾನೂನು ಹೋಗಿತ್ತು, ಅಲ್ಲಿನ ಎಲ್ಲರಿಗೂ ಮತ ಹಾಕುವ ಹಕ್ಕು ಬಂದಿತ್ತು. ಸೋಮದೇವ್ ದೇವ್‌ವರ್ಮನ್ ಮೊದಲ ಎರಡು ಸೆಟ್ ಸೋತ ಮೇಲೆ ಉಳಿದ ಮೂರನ್ನೂ ಗೆದ್ದು ಭಾರತಕ್ಕೆ ಜಯ ಖಚಿತಪಡಿಸಿದರು. ಕೊನೆಗೆ ಅಂತರ 4-1. ಭಾರತ ವಿಶ್ವ ಗುಂಪಿಗೆ ಮರಳಿತು.

2010: ಬೀಳದೆ ನಿಂತ ಭಾನುವಾರ

ಹತ್ತುವುದು ಒಂದು ಕಷ್ಟ, ನಿಲ್ಲುವುದು ಇನ್ನೊಂದು. 2010ರ ಮಾರ್ಚ್‌ನಲ್ಲಿ ಮಾಸ್ಕೋದಲ್ಲಿ ರಷ್ಯಾದೆದುರು ಭಾರತ ಸೋತಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಪ್ಲೇ-ಆಫ್. ಈ ಸಲ ಚೆನ್ನೈಯಲ್ಲಿ ಬ್ರೆಜಿಲ್ ಎದುರು.

ಸೆಪ್ಟೆಂಬರ್ 17, ಶುಕ್ರವಾರ. ಬೋಪಣ್ಣ ಬ್ರೆಜಿಲ್‌ನ ಮೊದಲ ಕ್ರಮಾಂಕದ ಆಟಗಾರ ತೊಮಾಜ್ ಬೆಲುಚ್ಚಿಯನ್ನು ಐದನೇ ಸೆಟ್‌ವರೆಗೆ ಎಳೆದರು. ಆ ಸೆಟ್ 10-8ರಲ್ಲಿ ಕೈಜಾರಿತು. ಸೋಮದೇವ್ ಕೂಡ ರಿಕಾರ್ಡೊ ಮೆಲೊಗೆ ಸೋತರು. ಮೊದಲ ದಿನವೇ 0-2. ಇನ್ನೊಂದು ಸೋತರೆ ಕಥೆ ಮುಗಿಯಿತು.

ಶನಿವಾರ ಪೇಸ್ ಮತ್ತು ಮಹೇಶ್ ಭೂಪತಿ ಡಬಲ್ಸ್ ಗೆದ್ದರು. ಭಾನುವಾರ ಸೋಮದೇವ್ ಎದುರು ಬೆಲುಚ್ಚಿ ಚೆನ್ನೈಯ ಸೆಕೆ ತಾಳಲಾರದೆ ನಡುವೆಯೇ ಆಟ ಬಿಟ್ಟರು. 2-2. ಉಳಿದದ್ದು ಐದನೇ ಪಂದ್ಯ, ಬೋಪಣ್ಣ ಮತ್ತು ಮೆಲೊ.

ಎರಡು ದಿನದ ಹಿಂದೆ ಐದು ಸೆಟ್ ಆಡಿ ಸೋತ ಮನುಷ್ಯ. ಡಬಲ್ಸ್‌ನಲ್ಲಿ ಹೆಸರು ಮಾಡಿದವರು, ಸಿಂಗಲ್ಸ್‌ನಲ್ಲಿ ಅಷ್ಟಾಗಿ ಅಲ್ಲ. ದೇಶ ಮೇಲೆ ಉಳಿಯುವುದು ಅವರ ಒಂದು ಪಂದ್ಯದ ಮೇಲೆ ನಿಂತಿತ್ತು. ಬೋಪಣ್ಣ 6-3, 7-6, 6-3ರಿಂದ ಗೆದ್ದರು. ಒಂದು ಸೆಟ್ ಕೂಡ ಬಿಡಲಿಲ್ಲ.

ಆ ಗೆಲುವಿಗೆ ಯಾವ ಕಪ್ಪೂ ಬರಲಿಲ್ಲ. ಭಾರತ ಇದ್ದಲ್ಲೇ ಉಳಿಯಿತು, ಅಷ್ಟೆ. ನಮ್ಮ ಲೆಕ್ಕದಲ್ಲಿ ಅವರ ವೃತ್ತಿಯ ದೊಡ್ಡ ದಿನಗಳಲ್ಲಿ ಅದೂ ಒಂದು.

ಮತ್ತೆ ಇಳಿತ, ಬೆಂಗಳೂರಿನ ಮಳೆ

2011ರಲ್ಲಿ ಸರ್ಬಿಯಾ, ಆಮೇಲೆ ಜಪಾನ್ ಎದುರು ಸೋತು ಭಾರತ ಗುಂಪು 1ಕ್ಕೆ ಇಳಿಯಿತು. ಅದರ ಬೆನ್ನಿಗೇ ಮನೆಯೊಳಗಿನ ಜಗಳ. ಲಂಡನ್ ಒಲಿಂಪಿಕ್ಸ್‌ನ ಜೋಡಿ ಆಯ್ಕೆಯ ವಿವಾದದ ನಂತರ 2012ರಲ್ಲಿ ಅಖಿಲ ಭಾರತ ಟೆನಿಸ್ ಸಂಸ್ಥೆ ಬೋಪಣ್ಣ, ಭೂಪತಿ ಇಬ್ಬರನ್ನೂ ತಂಡದಿಂದ ದೂರವಿಟ್ಟಿತು. ಅದಕ್ಕೆ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. 2013ರ ಆರಂಭದಲ್ಲಿ ಹಲವು ಪ್ರಮುಖ ಆಟಗಾರರು ಸಂಸ್ಥೆಯ ಜೊತೆ ಮುನಿಸಿಕೊಂಡು ಹೊರಗುಳಿದರು. ದೆಹಲಿಯಲ್ಲಿ ದಕ್ಷಿಣ ಕೊರಿಯಾ ಎದುರು ಭಾರತ ಸೋತಿತು. ಮೂರನೇ ಮೆಟ್ಟಿಲಿಗೇ ಬೀಳುವ ಭಯ ಹುಟ್ಟಿತು. ಆ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಇಂಡೊನೇಷ್ಯಾವನ್ನು 5-0ರಿಂದ ಸೋಲಿಸಿದ ಮೇಲೆ ಉಸಿರು ಬಂತು.

ಮುಂದಿನ ವರ್ಷ ತಂಡ ಮತ್ತೆ ಹತ್ತಿತು. ತೈವಾನ್, ಕೊರಿಯಾ ಎರಡನ್ನೂ ಗೆದ್ದು 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಟೆನಿಸ್ ಅಂಗಣದಲ್ಲಿ ಸರ್ಬಿಯಾ ಎದುರು ನಿಂತಿತು. ಮೊದಲ ದಿನ ಮತ್ತೆ 0-2. ಶನಿವಾರ ಡಬಲ್ಸ್‌ನಲ್ಲಿ ಪೇಸ್-ಬೋಪಣ್ಣ ಮೊದಲ ಎರಡು ಸೆಟ್ ಕಳೆದುಕೊಂಡರು. ಆಮೇಲೆ ಮೂರನ್ನೂ ಗೆದ್ದರು, ಕೊನೆಯದು 8-6. ಭಾನುವಾರ ಸೋಮದೇವ್ ಗೆದ್ದು 2-2 ಮಾಡಿದರು.

ಕೊನೆಯ ಪಂದ್ಯ ನಡೆಯುತ್ತಿದ್ದಾಗ ಮಳೆ. ಆಟ ಸೋಮವಾರಕ್ಕೆ ಹೋಯಿತು. ಮರುದಿನ ಯೂಕಿ ಭಾಂಬ್ರಿ ಸೋತರು. ಚೆನ್ನೈಯಲ್ಲಿ ಆದದ್ದು ಬೆಂಗಳೂರಿನಲ್ಲಿ ಆಗಲಿಲ್ಲ.

ಈಗ ಮೆಟ್ಟಿಲು ಬೇರೆ

2019ರಿಂದ ಡೇವಿಸ್ ಕಪ್‌ನ ಕ್ರಮ ಬದಲಾಯಿತು. ಈಗ ಎರಡೇ ದಿನ, ಮೂರು ಸೆಟ್‌ನ ಪಂದ್ಯ. ಖಂಡವಾರು ಗುಂಪು 1, 2ರ ಜಾಗಕ್ಕೆ ವಿಶ್ವ ಗುಂಪು 1, 2 ಬಂದವು. ಹೆಸರಿನಲ್ಲಿ ವಿಶ್ವ ಇದ್ದರೂ ಅವು ಕೆಳಗಿನ ಮೆಟ್ಟಿಲುಗಳೇ. 2023ರ ಫೆಬ್ರುವರಿಯಲ್ಲಿ ಡೆನ್ಮಾರ್ಕ್ ಎದುರು ಸೋತು ಭಾರತ ವಿಶ್ವ ಗುಂಪು 2ಕ್ಕೂ ಇಳಿಯಿತು.

ಬೋಪಣ್ಣ ತಮ್ಮ 33ನೆಯ ಮತ್ತು ಕೊನೆಯ ಮುಖಾಮುಖಿ ಆಡಿದ್ದು ಅಲ್ಲೇ. 2023ರ ಸೆಪ್ಟೆಂಬರ್, ಲಖನೌ, ಮೊರಾಕ್ಕೊ ಎದುರು. ವಿಶ್ವದ ಅತ್ಯುತ್ತಮ ಡಬಲ್ಸ್ ಆಟಗಾರರಲ್ಲಿ ಒಬ್ಬರಾಗಿದ್ದವರು ಆ ಕೆಳಗಿನ ಗುಂಪಿನಲ್ಲಿ ಆಡಿ ಗೆಲ್ಲಿಸಿ ಬೀಳ್ಕೊಂಡರು. ನಾಲ್ಕು ತಿಂಗಳಲ್ಲಿ ಆಸ್ಟ್ರೇಲಿಯನ್ ಓಪನ್ ಅವರ ಕೈಯಲ್ಲಿತ್ತು. 2025ರ ನವೆಂಬರ್ 1ರಂದು ವೃತ್ತಿಪರ ಆಟಕ್ಕೂ ವಿದಾಯ ಹೇಳಿದರು.

ತಂಡ ಮತ್ತೆ ಹತ್ತುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ಗೆ ಹೋಗಿ 3-1ರಿಂದ ಗೆದ್ದು ಬಂತು. ಯುರೋಪಿನ ತಂಡವೊಂದನ್ನು ಅವರದ್ದೇ ನೆಲದಲ್ಲಿ ಭಾರತ ಸೋಲಿಸಿದ್ದು 1993ರ ಬಳಿಕ ಅದೇ ಮೊದಲು.

ನಮಗೆ ಇದರಲ್ಲೇನು?

ನಮ್ಮ ಶಾಲೆಗಳಿಂದ ಪ್ರತಿ ವರ್ಷ ಮಕ್ಕಳು ವಲಯ ಮಟ್ಟಕ್ಕೆ, ತಾಲೂಕು ಮಟ್ಟಕ್ಕೆ ಆಡಲು ಹೋಗುತ್ತಾರೆ. ಕಬಡ್ಡಿ, ವಾಲಿಬಾಲ್, ತ್ರೋಬಾಲ್. ಜಿಲ್ಲೆಗೆ ಆಯ್ಕೆಯಾಗದಿದ್ದರೆ ‘ಆಡಿದ್ದು ಸಾಕು, ಇನ್ನು ಓದು’ ಎಂಬ ಮಾತು ಮನೆಯಲ್ಲಿ ಬರುತ್ತದೆ. ಕೆಳಗಿನ ಮಟ್ಟದ ಆಟಕ್ಕೆ ಬೆಲೆಯಿಲ್ಲ ಎಂಬ ಲೆಕ್ಕ ಅದು.

ಡೇವಿಸ್ ಕಪ್‌ನ ಈ ಚರಿತ್ರೆ ಬೇರೆ ಲೆಕ್ಕ ಹೇಳುತ್ತದೆ. ಫೈನಲ್ ಆಡಿದ ದೇಶವೂ ಕೆಳಗಿಳಿದಿದೆ. ಮತ್ತೆ ಹತ್ತಿದ್ದು ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲು ಸಿಗುವ ಪಂದ್ಯಗಳನ್ನು ಗೆದ್ದು. ಅಂಥ ಪಂದ್ಯಗಳಿಗೆ ಕರೆದಾಗೆಲ್ಲ ಬಂದು ಆಡುವವರು ಬೇಕು. ಘಟ್ಟದ ಆಚೆಯ ಒಬ್ಬ ಹುಡುಗ ಹಾಗೆ ಬಂದ, 21 ವರ್ಷ ಆಡಿದ. ಮುಂದಿನವರು ಘಟ್ಟದ ಈಚೆಯಿಂದ ಯಾಕಾಗಬಾರದು?