ಒಂದೇ ಕೊಳವೆಯ ಹಂಡೆ

ಬಚ್ಚಲ ಹಂಡೆ ಕಾಯಲು ಎಷ್ಟು ಸೌದೆ, ಎಷ್ಟು ಹೊತ್ತು ಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಉಗಿದೋಣಿಗಳ ಹೊಟ್ಟೆಯಲ್ಲಿದ್ದದ್ದೂ ಅಂಥ ಹಂಡೆಯೇ. ಆದರೆ ಬಾಯಿ ಮುಚ್ಚಿದ ಹಂಡೆ. ತಗಡು ಸೀಳಿತೆಂದರೆ ಒಳಗಿನ ನೀರು ಒಮ್ಮೆಗೇ ಉಗಿಯಾಗಿ ಹಿಗ್ಗಿ ಸಿಡಿಯುತ್ತಿತ್ತು. 1865ರ ಏಪ್ರಿಲ್ 27ರ ನಸುಕಿನಲ್ಲಿ, ಮಿಸಿಸಿಪಿ ನದಿಯ ಮೇಲೆ ಮೆಂಫಿಸ್ ಊರಿನ ಬಳಿ, 'ಸುಲ್ತಾನಾ' ಹಡಗಿನ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ಆ ಮನೆಗಳಲ್ಲಿ ದಾರಿ ಕಾಯುತ್ತಿದ್ದ ತಾಯಂದಿರನ್ನು ಚರಿತ್ರೆಯ ಪುಸ್ತಕ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂಡೆಯೇ ಬೇಡವೆಂದ ಜಾಣರು ಅಮೆರಿಕದ ಬ್ರಿಸ್ಟಲ್ ಎಂಬ ಪುಟ್ಟ ಬಂದರಿನ ಹೆರೆಶಾಫ್ ಸಹೋದರರು. ಅವರಲ್ಲಿ ಜಾನ್ ಹದಿಹರೆಯದಲ್ಲೇ ಕಣ್ಣು ಕಳೆದುಕೊಂಡವನು. ದೋಣಿಯ ಮಾದರಿಯನ್ನು ಬೆರಳಿನಿಂದ ಸವರಿಯೇ ಗುಣದೋಷ ಹೇಳುತ್ತಿದ್ದ. ಅವನ ಅಣ್ಣ ಜೇಮ್ಸ್ 1870ರ ದಶಕದಲ್ಲಿ ಉದ್ದನೆಯ ಕೊಳವೆಯೊಂದನ್ನು ಸುರುಳಿ ಸುತ್ತಿ ಬೆಂಕಿಯ ಮೇಲೆ ಕೂರಿಸಿದ. ಪಂಪು ಮೇಲಿನಿಂದ ನೀರು ದೂಡುತ್ತದೆ. ಇಳಿಯುತ್ತ ಇಳಿಯುತ್ತ ಅದು ಕುದಿದು ಉಗಿಯಾಗುತ್ತದೆ. ಉಳಿದ ನೀರು ಪಕ್ಕದ ಪಾತ್ರೆಯಲ್ಲಿ ಬೇರೆಯಾಗಿ ಮತ್ತೆ ಸುರುಳಿಗೇ ಹೋಗುತ್ತದೆ. ಒಳಗಿರುವ ನೀರೇ ಕಡಿಮೆಯಾದ್ದರಿಂದ ಕೆಲವೇ ನಿಮಿಷದಲ್ಲಿ ಉಗಿ ಸಿದ್ಧ. ಕೊಳವೆ ಒಡೆದರೂ ದೋಣಿ ಚೂರಾಗುವುದಿಲ್ಲ. (ಪಕ್ಕದಲ್ಲಿ ನಿಂತವನಿಗೆ ಸುಟ್ಟೀತು, ಆ ಮಾತು ಬೇರೆ.) ಭಾರವೂ ಕಡಿಮೆ. ಆ ಸಹೋದರರು 1876ರಲ್ಲಿ ತಮ್ಮ ದೇಶದ ನೌಕಾಪಡೆಗೆ 58 ಅಡಿಯ 'ಲೈಟ್ನಿಂಗ್' ಎಂಬ ಟಾರ್ಪೆಡೊ ದೋಣಿಯನ್ನು ಕಟ್ಟಿಕೊಟ್ಟರು.

ಮಾಡುವುದಕ್ಕಿಂತ ನಡೆಸುವುದು ಕಷ್ಟ. ಹಂಡೆ ನಮ್ಮ ಮರೆವನ್ನು ಸಹಿಸುತ್ತದೆ, ಸುರುಳಿ ಸಹಿಸುವುದಿಲ್ಲ. ಪಂಪು ಸ್ವಲ್ಪ ಹೊತ್ತು ನಿಂತರೆ ಕೊಳವೆ ಕೆಂಪಗೆ ಕಾಯುತ್ತದೆ. ನೀರು ಹೆಚ್ಚಾದರೆ ಒದ್ದೆ ಉಗಿ ಎಂಜಿನ್ನಿಗೆ ನುಗ್ಗುತ್ತದೆ. ಬೆಂಕಿ, ನೀರು, ಎಂಜಿನ್ನಿನ ವೇಗ, ಮೂರೂ ಹದವಾಗಿರಬೇಕು. ಒಲೆಯ ಮೇಲೆ ಹಾಲಿಟ್ಟವಳಂತೆ ಅತ್ತಿತ್ತ ನೋಡುವಂತಿಲ್ಲ. ಬೋರ್‌ವೆಲ್ ನೀರು ಗೀಸರಿನ ಕಾಯಿಲಿಗೆ ಏನು ಮಾಡುತ್ತದೆಂದು ನಿಮಗೆ ಗೊತ್ತಲ್ಲ, ಕಡಲ ನೀರು ಅದಕ್ಕಿಂತ ಕೇಡು. ಅದಕ್ಕೇ ಬಳಸಿದ ಉಗಿಯನ್ನು ತಣಿಸಿ, ಅದೇ ಸಿಹಿನೀರನ್ನು ಮತ್ತೆ ಮತ್ತೆ ಬಳಸಬೇಕಿತ್ತು. ಅದರಲ್ಲಿ ಎಂಜಿನ್ನಿನ ಎಣ್ಣೆ ಸೇರಿಕೊಂಡರೆ ಅದೂ ಕೊಳವೆಯೊಳಗೆ ಕರಕಲಾಗಿ ಕಟ್ಟುತ್ತದೆ.

ಪ್ಯಾರಿಸ್ಸಿನ ಸೆರ್ಪೊಲೆ ಎಂಬವನು ಇಂಥದೇ ಕೊಳವೆಯ ಬಾಯ್ಲರನ್ನು ಗಾಡಿಗಿಟ್ಟು, 1902ರಲ್ಲಿ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಆಮೇಲೆ ಪೆಟ್ರೋಲ್ ಎಂಜಿನ್ ಬಂದು ಎಲ್ಲವನ್ನೂ ಮೂಲೆಗೆ ತಳ್ಳಿತು. ಆದರೂ ಇಂಗ್ಲೆಂಡ್, ಅಮೆರಿಕಗಳಲ್ಲಿ ಹವ್ಯಾಸಕ್ಕೆಂದು ಉಗಿದೋಣಿ ನಡೆಸುವವರು ಇದ್ದಾರೆ. ಅವರಲ್ಲಿ ಕೆಲವರು ಮನೆಯಲ್ಲೇ ಕೊಳವೆ ಬಾಗಿಸಿ ಇಂಥ ಬಾಯ್ಲರು ಮಾಡಿಕೊಳ್ಳುತ್ತಾರೆ. ಪಂಪು ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೊಂದು ಕೈಪಂಪನ್ನೂ ಇಟ್ಟುಕೊಳ್ಳುತ್ತಾರೆ.