ವೆಬ್ ಸರ್ವಿಸ್ ಇದ್ದ ಮಾತ್ರಕ್ಕೆ ಅದು 'ಎಸ್‌ಒಎ' ಆಗುತ್ತದೆಯೇ?

ಎಟಿಎಂನಲ್ಲಿ ನೋಡಿದರೂ, ಮೊಬೈಲ್ ಆ್ಯಪ್‌ನಲ್ಲಿ ನೋಡಿದರೂ, ಬ್ಯಾಂಕ್ ಕೌಂಟರಿನಲ್ಲಿ ಕೇಳಿದರೂ ನಿಮ್ಮ ಖಾತೆಯ ಬ್ಯಾಲೆನ್ಸ್ ಒಂದೇ ಬರಬೇಕು. ಇದಕ್ಕೆ ಎರಡು ದಾರಿಗಳಿವೆ. ಮೂರು ಕಡೆಗೂ ಬೇರೆ ಬೇರೆ ಪ್ರೋಗ್ರಾಂ ಬರೆಯುವುದು ಒಂದು. ಆಗ ನಿಯಮ ಬದಲಾದರೆ ಮೂರನ್ನೂ ತಿದ್ದಬೇಕು. ಒಂದನ್ನು ಮರೆತರೂ ಲೆಕ್ಕ ತಪ್ಪುತ್ತದೆ. ಆ ಕೆಲಸವನ್ನು ಒಂದೇ ಕಡೆ ಇಟ್ಟು, ಬೇಕಾದವರೆಲ್ಲ ಅದನ್ನೇ ಕೇಳುವಂತೆ ಮಾಡುವುದು ಇನ್ನೊಂದು. ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್ ಅಥವಾ ಎಸ್‌ಒಎ ಎಂದರೆ ಈ ಎರಡನೆಯ ದಾರಿ.

ಈ ಹೆಸರು 1996ರಲ್ಲಿ ಗಾರ್ಟ್ನರ್ ಸಂಸ್ಥೆಯ ವಿಶ್ಲೇಷಕರ ವರದಿಯಲ್ಲಿ ಬಂತು. ಆಮೇಲೆ ಸಾಫ್ಟ್‌ವೇರ್ ಮಾರುವವರೆಲ್ಲ ಇದನ್ನೇ ಲೇಬಲ್ ಮಾಡಿಕೊಂಡರು. ಹಾಗಾಗಿ ಗೊಂದಲ.

ಯಾವುದು 'ಸೇವೆ'?

ದಿ ಓಪನ್ ಗ್ರೂಪ್ ಎಂಬ ಮಾನದಂಡ ಸಂಸ್ಥೆ ನಾಲ್ಕು ಗುಣಗಳನ್ನು ಹೇಳುತ್ತದೆ:

1. ಅದು ವ್ಯವಹಾರದಲ್ಲಿ ಮತ್ತೆ ಮತ್ತೆ ಬರುವ, ನಿರ್ದಿಷ್ಟ ಫಲಿತಾಂಶವಿರುವ ಕೆಲಸವಾಗಿರಬೇಕು. 'ಸಾಲದ ಅರ್ಹತೆ ಪರಿಶೀಲನೆ' ಸೇವೆ. 'ಡೇಟಾಬೇಸ್‌ನ ಒಂದು ಸಾಲು ಓದು' ಎಂಬುದು ಅಲ್ಲ.
2. ತನ್ನಷ್ಟಕ್ಕೆ ತಾನು ಪೂರ್ಣವಾಗಿರಬೇಕು.
3. ಒಳಗೆ ಕೆಲಸ ಹೇಗೆ ನಡೆಯುತ್ತದೆ ಎಂಬುದು ಕೇಳುವವರಿಗೆ ಗೊತ್ತಿರಬೇಕಾಗಿಲ್ಲ.
4. ಬೇರೆ ಸೇವೆಗಳನ್ನು ಜೋಡಿಸಿಯೂ ಅದನ್ನು ಕಟ್ಟಬಹುದು.

ತಪ್ಪು ಕಲ್ಪನೆ: ವೆಬ್ ಸರ್ವಿಸ್ ಬಳಸಿದರೆ ಎಸ್‌ಒಎ

ಇಲ್ಲ. ವೆಬ್ ಸರ್ವಿಸ್ ಎಂಬುದು ಮಾತನಾಡುವ ಒಂದು ವಿಧಾನ ಅಷ್ಟೇ. 2006ರಲ್ಲಿ ಓಯಾಸಿಸ್ ಸಂಸ್ಥೆ ಪ್ರಕಟಿಸಿದ ಎಸ್‌ಒಎ ಮಾದರಿ ಯಾವುದೇ ಒಂದು ತಂತ್ರಜ್ಞಾನಕ್ಕೆ ಕಟ್ಟುಬಿದ್ದಿಲ್ಲ. ಬೇರೆ ಬೇರೆ ಒಡೆತನದಲ್ಲಿರುವ ಸಾಮರ್ಥ್ಯಗಳನ್ನು ಸಂಘಟಿಸಿ ಬಳಸುವ ರೀತಿ ಎಂದು ಅದು ವಿವರಿಸುತ್ತದೆ.

2016ರಲ್ಲಿ ಬಂದ ಯುಪಿಐಯಲ್ಲಿ ಈ ಗುಣ ಚೆನ್ನಾಗಿ ಕಾಣುತ್ತದೆ. ಆ್ಯಪ್ ಒಂದು ಕಂಪನಿಯದು, ನಿಮ್ಮ ಖಾತೆ ಒಂದು ಬ್ಯಾಂಕಿನದು, ಅಂಗಡಿಯವರ ಖಾತೆ ಇನ್ನೊಂದರದು. ಆ್ಯಪ್ ನಿಮ್ಮ ಬ್ಯಾಂಕಿನ ಲೆಕ್ಕದ ಪುಸ್ತಕಕ್ಕೆ ಕೈ ಹಾಕುವುದಿಲ್ಲ. ನಿಗದಿತ ರೂಪದಲ್ಲಿ ಕೋರಿಕೆ ಹೋಗುತ್ತದೆ. ಪಿನ್ ಪರಿಶೀಲಿಸಿ ಹಣ ಕಡಿತ ಮಾಡುವುದು ನಿಮ್ಮ ಬ್ಯಾಂಕೇ.

ತಪ್ಪು ಕಲ್ಪನೆ: ಎಸ್‌ಒಎ ಒಂದು ಪ್ರಾಡಕ್ಟ್, ಕೊಂಡರೆ ಸಾಕು

ಇದೂ ತಪ್ಪು. ಕೊಳ್ಳಬಹುದಾದದ್ದು ಸಲಕರಣೆ ಮಾತ್ರ. ಯಾವ ಕೆಲಸ ಯಾರ ಹೊಣೆ ಎಂದು ಸಂಸ್ಥೆಯೇ ತೀರ್ಮಾನಿಸಬೇಕು. ಮೈಕ್ರೋಸರ್ವಿಸ್ ಎಂಬುದು ಇದರ ಹತ್ತಿರದ ಸಂಬಂಧಿ. ಅದು ಸಾಮಾನ್ಯವಾಗಿ ಒಂದು ಅಪ್ಲಿಕೇಶನ್ ಅನ್ನೇ ಚಿಕ್ಕ ಭಾಗಗಳಾಗಿ ಒಡೆಯುವ ಕ್ರಮ. ಎಸ್‌ಒಎ ನೋಟ ಇಡೀ ಸಂಸ್ಥೆಯದು.

ಹಣ ಕೊಡುವ ಮುನ್ನ ಕೇಳಿ

ನಿಮ್ಮ ಸಹಕಾರ ಸಂಘಕ್ಕೋ ಶಾಲೆಗೋ 'ಎಸ್‌ಒಎ ಸಾಫ್ಟ್‌ವೇರ್' ಮಾರಲು ಬಂದವರಿಗೆ ಮೂರು ಪ್ರಶ್ನೆ ಹಾಕಿ. ಇದರ ಒಂದು ಸೇವೆಯನ್ನು ಬೇರೆ ಕಂಪನಿಯ ಸಾಫ್ಟ್‌ವೇರ್ ಬಳಸಬಹುದೇ? ಬಳಸುವ ವಿಧಾನ ಲಿಖಿತವಾಗಿ ಸಿಗುತ್ತದೆಯೇ? ಒಂದು ಭಾಗ ಬದಲಿಸಿದರೆ ಉಳಿದದ್ದು ಹಾಗೆಯೇ ನಡೆಯುತ್ತದೆಯೇ? ಉತ್ತರ 'ಇಲ್ಲ' ಎಂದಾದರೆ, ಅಲ್ಲಿರುವುದು ಹೆಸರು ಮಾತ್ರ. ನಾಳೆ ಬೇರೆಯವರ ಬಳಿ ಹೋಗಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾದೀತು.